ಕೇಳಿದವರಿಗೆ ಸಿಕ್ಕಿದ ಪಾಲು



ಕಾಲೇಜು ದಾಖಲಾತಿಯ ದಿನಗಳಲ್ಲಿ, ಜುಮಾ ನಮಾಝ್ ಮುಗಿದ ಮೇಲೆ, ತಂದೆ ತಾಯಂದಿರು ಎರಡು ಮಾತು ಕೇಳುತ್ತಾರೆ. ಫೀಸಿಗೆ ಹಣ ಎಲ್ಲಿಂದ ತರುವುದು? ಕಾಲೇಜಿನಲ್ಲಿ ನಮ್ಮ ಮಕ್ಕಳು ಬಾಯಿ ಮುಚ್ಚಿಕೊಂಡೇ ಇರಬೇಕೇ? ಎರಡಕ್ಕೂ ಈ ನಾಡಿನ ಚರಿತ್ರೆಯಲ್ಲಿ ಒಂದೇ ಉತ್ತರವಿದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಆರಂಭವಾಯಿತು. ಆದರೆ ಉನ್ನತ ಶಿಕ್ಷಣವೂ ಸರ್ಕಾರಿ ನೌಕರಿಯೂ ಬಹುಪಾಲು ಜನರಿಗೆ ಎಟುಕದೆ ಉಳಿದವು. 1917ರಲ್ಲಿ ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮುಖಂಡರು ಸೇರಿ ಪ್ರಜಾಮಿತ್ರ ಮಂಡಳಿ ಕಟ್ಟಿದರು. ಮರುವರ್ಷ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಸಲ್ಲಿಸಿದರು. ದಿವಾನ್ ವಿಶ್ವೇಶ್ವರಯ್ಯನವರಿಗೆ ಈ ಬೇಡಿಕೆ ಒಪ್ಪಿಗೆಯಾಗಿರಲಿಲ್ಲ. ಆದರೂ ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಗುಲಾಂ ಅಹಮದ್ ಕಲಾಮಿಯವರೂ ಅದರಲ್ಲಿದ್ದರು. ನೌಕರಿಯಲ್ಲಿ ಪಾಲು ಕೊಡಬೇಕು, ಹಿಂದುಳಿದವರ ಮಕ್ಕಳ ಓದಿಗೆ ವಿದ್ಯಾರ್ಥಿವೇತನದಂತಹ ನೆರವು ಸಿಗಬೇಕು ಎಂದು ಸಮಿತಿ ಹೇಳಿತು. 1921ರಲ್ಲಿ ಸರ್ಕಾರ ಆದೇಶ ಹೊರಡಿಸಿತು.

ಗಮನಿಸಿ, ಇದು ಯಾರ ಕೃಪೆಯಿಂದಲೂ ಬಂದದ್ದಲ್ಲ. ನಮ್ಮ ಹಿರಿಯರು ಬೇರೆ ಸಮುದಾಯಗಳ ಜೊತೆ ನಿಂತು, ಸಭ್ಯವಾಗಿ, ಬರವಣಿಗೆಯಲ್ಲಿ ಕೇಳಿದರು.

ಹೀಗೆ ಬಂದದ್ದು ತಾನಾಗಿ ಉಳಿಯುವುದೂ ಇಲ್ಲ. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ ಅನ್ನು ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿತು. 2023ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ 2ಬಿ ವರ್ಗದ ಶೇಕಡಾ 4ರ ಮೀಸಲಾತಿಯನ್ನು ರದ್ದು ಮಾಡಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋದಾಗ ಅದರ ಜಾರಿ ನಿಂತಿತು. ಪದವಿಯ ಅವಧಿಯೂ 2021ರಲ್ಲಿ ನಾಲ್ಕು ವರ್ಷದ ವ್ಯವಸ್ಥೆಗೆ ಹೋಗಿ, 2024ರಲ್ಲಿ ಮತ್ತೆ ಮೂರಕ್ಕೆ ಬಂತು. ಸರ್ಕಾರ ಬದಲಾದಂತೆ ನಿಯಮ ಬದಲಾಗುತ್ತದೆ. ಮಾತನಾಡಲು ಬಾರದವನಿಗೆ ಬದಲಾದದ್ದೂ ತಿಳಿಯುವುದಿಲ್ಲ.

ಹಿಜಾಬ್ ವಿಷಯವನ್ನೇ ನೋಡಿ. 2022ರ ಫೆಬ್ರವರಿ 5ರ ಸರ್ಕಾರಿ ಆದೇಶವನ್ನು ಹೈಕೋರ್ಟ್ ಮಾರ್ಚ್ 15ರಂದು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅಲ್ಲಿಯವರೆಗೆ ಪ್ರಶ್ನೆಯನ್ನು ಒಯ್ದವರು ವಿದ್ಯಾರ್ಥಿನಿಯರೇ. ಈ ನಡುವೆ ಕೆಲವು ಹೆಣ್ಣುಮಕ್ಕಳ ಓದು ನಿಂತಿತು. ಅದು ನಮ್ಮೆಲ್ಲರ ನಷ್ಟ. ಬೇಸರದಿಂದ ಮಗಳನ್ನು ಮನೆಯಲ್ಲಿ ಕೂರಿಸಿದರೆ ಆ ನಷ್ಟಕ್ಕೆ ನಾವೂ ಕೈಜೋಡಿಸಿದಂತೆ.

ಹಝ್ರತ್ ಉಮರ್ (ರ) ಮಹ್ರಿಗೆ ಮಿತಿ ಹೇಳಲು ಹೊರಟಾಗ ಒಬ್ಬ ಮಹಿಳೆ ಎದ್ದು ಆಕ್ಷೇಪಿಸಿದರೆಂದೂ, ಖಲೀಫರು ತಮ್ಮ ಮಾತನ್ನು ಹಿಂತೆಗೆದುಕೊಂಡರೆಂದೂ ಪ್ರಸಿದ್ಧ ವರದಿಯಿದೆ. ಆಕೆ ಕೂಗಾಡಲಿಲ್ಲ, ಆಧಾರ ಕೊಟ್ಟರು. ಸಂವಿಧಾನದ 19ನೇ ವಿಧಿ ಕೊಟ್ಟಿರುವ ವಾಕ್ ಸ್ವಾತಂತ್ರ್ಯವನ್ನು ನಮ್ಮ ಮಕ್ಕಳು ಹೀಗೆಯೇ ಬಳಸಲಿ. ನಿಂದನೆ ಬೇಡ, ಮೊಬೈಲಿನಲ್ಲಿ ಬಂದ ಸುಳ್ಳನ್ನು ಹಂಚುವುದು ಬೇಡ. ಬೇರೆಯವರ ಮಾತನ್ನೂ ಕೇಳುವ ತಾಳ್ಮೆ ಇರಲಿ.

ಆದಾಯ ಮತ್ತು ಜಾತಿ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ವಿದ್ಯಾರ್ಥಿವೇತನಕ್ಕೆ ಕೊನೆಯ ದಿನದವರೆಗೆ ಕಾಯದೆ ಅರ್ಜಿ ಹಾಕಿ. ಅರ್ಜಿ ತಿರಸ್ಕೃತವಾದರೆ ಸುಮ್ಮನಾಗಬೇಡಿ, ಕಾರಣವನ್ನು ಲಿಖಿತವಾಗಿ ಕೇಳಿ. 1918ರ ಹಿರಿಯರು ಮಾಡಿದ್ದೂ ಅದನ್ನೇ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ ಸತ್ಯ ನುಡಿಯುವ ಧೈರ್ಯವನ್ನೂ ದಯಪಾಲಿಸಲಿ. ಆಮೀನ್.