ಬಗ್ದಾದಿನ ಕಿಟಕಿಯಲ್ಲಿ ನಿಂತವನು

ಇರಾಕಿನ ಲೇಖಕ ಅಹ್ಮದ್ ಸಅದಾವಿಯವರ ‘ಬಗ್ದಾದಿನಲ್ಲಿ ಫ್ರಾಂಕೆನ್‌ಸ್ಟೈನ್’ ಕಾದಂಬರಿ ಅರಬಿಯಲ್ಲಿ ಬಂದದ್ದು 2013ರಲ್ಲಿ. 2018ರಲ್ಲಿ ಇಂಗ್ಲಿಷಿಗೆ ಬಂದ ಮೇಲೆ ನಮ್ಮ ಕಡೆಯವರ ಕೈಗೂ ಸಿಕ್ಕಿತು. ಓದಿ ಮುಗಿಸಿದವರನ್ನು ಕಾಡುವ ಪ್ರಶ್ನೆ ಒಂದೇ: ಕೊನೆಯಲ್ಲಿ ಪಾಳುಬಿದ್ದ ಹೋಟೆಲಿನ ಕಿಟಕಿಯಿಂದ ಬೀದಿಯ ಸಂಭ್ರಮ ನೋಡುತ್ತಾ, ಮುದಿ ಬೆಕ್ಕಿನ ಮೈ ಸವರುತ್ತಾ ನಿಂತವನು ಯಾರು?

ಕಥೆ ತೊಡಗುವುದು 2005ರಲ್ಲಿ, ಅಮೆರಿಕದ ಸೈನ್ಯ ಬಗ್ದಾದನ್ನು ಹಿಡಿದು ಎರಡು ವರ್ಷವಾದಾಗ. ಬತಾವೀನ್ ಮೊಹಲ್ಲಾದ ಗುಜರಿ ವ್ಯಾಪಾರಿ ಹಾದಿ (ಅರಬಿಯಲ್ಲಿ ದಾರಿ ತೋರುವವನು ಎಂದರ್ಥ) ಬಾಂಬಿಗೆ ಗೆಳೆಯನನ್ನು ಕಳೆದುಕೊಳ್ಳುತ್ತಾನೆ. ಶವಾಗಾರದಲ್ಲಿ ಯಾರ ಕೈ, ಯಾರ ಕಾಲು ಎಂದು ತಿಳಿಯದ ರಾಶಿ. ಹಾದಿ ಬೀದಿಯಲ್ಲಿ ಚೆಲ್ಲಿದ ಅಂಗಗಳನ್ನು ಆಯ್ದು ತಂದು ಒಂದು ಪೂರ್ಣ ದೇಹವಾಗಿ ಹೊಲಿಯುತ್ತಾನೆ. ಕಸವೆಂದು ಎಸೆಯದೆ ಮಯ್ಯಿತ್ತೆಂದು ದಫನ ಮಾಡಲಿ ಎಂಬುದಷ್ಟೇ ಅವನ ಆಸೆ. ಆದರೆ ದೇಹ ಎದ್ದು ಹೋಗುತ್ತದೆ. ಒಂದೊಂದು ಅಂಗದ ಒಡೆಯನನ್ನು ಕೊಂದವರನ್ನು ಹುಡುಕಿ ಕೊಲ್ಲುತ್ತದೆ. ಸೇಡು ತೀರಿದ ಅಂಗ ಕೊಳೆತು ಉದುರುತ್ತದೆ, ಜಾಗಕ್ಕೆ ಹೊಸ ಮಾಂಸ ಬೇಕು. ಮೊದಲು ನಿರಪರಾಧಿಗಳದ್ದು, ಆಮೇಲೆ ಪಾತಕಿಗಳದ್ದೂ ಸೇರುತ್ತದೆ. ತಾನು ಯಾರ ಪರ ಎಂಬುದು ಕಡೆಗೆ ಅದಕ್ಕೂ ತಿಳಿಯದು.

ಕೊನೆಗೆ ಸರಕಾರ ಅಪರಾಧಿ ಸಿಕ್ಕಿದನೆಂದು ಸಾರುತ್ತದೆ. ಸಿಕ್ಕಿದವನು ಸ್ಫೋಟದಲ್ಲಿ ಮುಖ ಸುಟ್ಟು ಗುರುತು ಸಿಗದಂತಾದ ಹಾದಿ! ಜನ ಬೀದಿಗಿಳಿದು ಕುಣಿಯುತ್ತಾರೆ.

ದೆವ್ವ ತಪ್ಪಿಸಿಕೊಂಡಿತು, ಅಮಾಯಕ ಸಿಕ್ಕಿಬಿದ್ದ ಎಂದಷ್ಟೇ ಓದಿದರೆ ಇದು ಹಳೆಯ ವ್ಯಂಗ್ಯ. ನಾವು ನೋಡಬೇಕಾದ್ದು ತಾರೀಖನ್ನು. ಆ ಪ್ರಕಟಣೆಯ ದಿನ 2006ರ ಫೆಬ್ರವರಿ 21. ಮರುದಿನ ಬೆಳಿಗ್ಗೆ ಸಾಮರ್ರಾದಲ್ಲಿ ಅಸ್ಕರಿ ಇಮಾಮರ ದರ್ಗಾದ ಚಿನ್ನದ ಗುಮ್ಮಟ ಸ್ಫೋಟಕ್ಕೆ ಸಿಕ್ಕಿ ಕುಸಿಯಿತು. ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು, ಮಸೀದಿಗಳ ಮೇಲೆ ದಾಳಿಗಳಾದವು. ಮುಂದಿನ ಎರಡು ವರ್ಷಗಳಲ್ಲಿ ಬಗ್ದಾದಿನ ಮೊಹಲ್ಲಾಗಳು ಶಿಯಾ, ಸುನ್ನಿ ಎಂದು ಒಡೆದುಹೋದವು. ಕಾದಂಬರಿ ಇದನ್ನು ಹೇಳುವುದಿಲ್ಲ. ಇರಾಕಿನ ಓದುಗನಿಗೆ ಹೇಳಬೇಕಾಗಿಯೂ ಇಲ್ಲ. ಬೀದಿಯ ಆ ಕುಣಿತಕ್ಕೆ ಒಂದೇ ರಾತ್ರಿಯ ಆಯುಸ್ಸು.

ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ದೈತ್ಯ ಸಾಯಲೆಂದು ಉತ್ತರದ ಹಿಮದ ಕತ್ತಲಲ್ಲಿ ಮರೆಯಾಗುತ್ತಾನೆ. ಊರಿಗೆ ನೆಮ್ಮದಿ. ಸಅದಾವಿಯ ದೈತ್ಯ ಎಲ್ಲಿಗೆ ಹೋದಾನು? ಅವನ ಮೈಯಲ್ಲಿರುವುದು ಆ ಊರಿನ ಎಲ್ಲ ಪಂಗಡಗಳ ಮಾಂಸವೇ. ಕಿಟಕಿಯಲ್ಲಿ ನಿಂತವನು ಅವನೇ ಎಂದು ನಾವು ಓದುತ್ತೇವೆ.

ಇನ್ನು ಆ ಬೆಕ್ಕು. ಬತಾವೀನ್ ಒಂದು ಕಾಲಕ್ಕೆ ಯಹೂದಿಯರ ಮೊಹಲ್ಲಾ. 1950-51ರಲ್ಲಿ ಲಕ್ಷಕ್ಕೂ ಮಿಕ್ಕಿ ಯಹೂದಿಯರು ಇರಾಕ್ ಬಿಟ್ಟರು. ಹಾದಿ ವಾಸಿಸುವುದಕ್ಕೆ ಕಾದಂಬರಿಯಲ್ಲಿ ಯಹೂದಿಯ ಪಾಳುಮನೆ ಎಂದೇ ಹೆಸರು. ಪಕ್ಕದ ಮನೆಯ ಕ್ರೈಸ್ತ ಮುದುಕಿ ಎಲಿಶ್ವಾ, ಇರಾನ್ ಯುದ್ಧದಲ್ಲಿ ಕಾಣೆಯಾದ ಮಗನಿಗಾಗಿ ಎರಡು ದಶಕ ಕಾದವಳು. ಹೊಲಿಗೆ ತುಂಬಿದ ಆ ದೇಹವನ್ನು ಮಗನೇ ಬಂದನೆಂದು ಮನೆಯೊಳಗೆ ಕರೆದು ಅವನ ಬಟ್ಟೆ ತೊಡಿಸಿದವಳು ಅವಳೊಬ್ಬಳೇ. ಅವಳೂ ಮನೆ ಮಾರಿ ಆಸ್ಟ್ರೇಲಿಯಾಕ್ಕೆ ಹೋದಳು. ಉಳಿದದ್ದು ಅವಳ ಬೆಕ್ಕು.