ಕಿವಿ ಕೇಳದ ನಟ, ಕಿವುಡಾದ ನಾವು

ಅಭಿಮಾನ್ ಸ್ಟುಡಿಯೋ ಅಂದ್ರೆ ಇವತ್ತು ನಿಮಗೆ ಏನು ನೆನಪಾಗುತ್ತೆ? ವಿಷ್ಣುವರ್ಧನ್ ಸಮಾಧಿ, ಕೋರ್ಟು, ಜಮೀನು, ಜೆಸಿಬಿ. 2009ರ ಡಿಸೆಂಬರ್ 30ರಂದು ತೀರಿಕೊಂಡ ಸಾಹಸಸಿಂಹನ ಅಂತ್ಯಸಂಸ್ಕಾರ ನಡೆದ ಜಾಗ ಅದು. 2025ರ ಆಗಸ್ಟ್‌ನಲ್ಲಿ ಅಲ್ಲಿದ್ದ ಸಮಾಧಿಯನ್ನು ನೆಲಸಮ ಮಾಡಿದಾಗ ರಾಜ್ಯವೇ ಕೆರಳಿತು. ಕೆರಳಬೇಕಾದ್ದೇ. ಆದರೆ ಅಷ್ಟೆಲ್ಲ ಗದ್ದಲದ ನಡುವೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಗಟ್ಟಿಯಾಗಿ ಕೇಳಲಿಲ್ಲ. ಆ ಜಾಗ ಅಲ್ಲಿಗೆ ಬಂದಿದ್ದಾದರೂ ಯಾಕೆ?

ಉತ್ತರ ಬೇಕಿದ್ದರೆ ಟಿ.ಎನ್. ಬಾಲಕೃಷ್ಣ ಅವರ ಕಥೆ ಕೇಳಬೇಕು.

ಹಾಸನ ಜಿಲ್ಲೆ ಅರಸೀಕೆರೆಯ ಕಡು ಬಡತನದಿಂದ ಬಂದವರು ಬಾಲಣ್ಣ. ಚಿಕ್ಕಂದಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಯೋಚನೆ ಮಾಡಿ ನೋಡಿ. ಆ ಕಾಲದ ಕಂಪನಿ ನಾಟಕ ಅಂದ್ರೆ ಮಾತು, ಹಾಡು, ಹಾರ್ಮೋನಿಯಂ. ಎದುರಿನ ಪಾತ್ರಧಾರಿಯ ಮಾತು ಮುಗಿದ ಕ್ಷಣಕ್ಕೆ ಸರಿಯಾಗಿ ನಿಮ್ಮ ಮಾತು ಶುರುವಾಗಬೇಕು. ಕೇಳಿಸದವನು ಏನು ಮಾಡಬೇಕು? ಬಾಲಣ್ಣ ತಮ್ಮ ಮಾತಿನ ಜೊತೆಗೆ ಎದುರಿನವರ ಮಾತನ್ನೂ ಬಾಯಿಪಾಠ ಮಾಡಿದರು. ತುಟಿ ಅಲುಗುವುದನ್ನು ನೋಡಿ ಮಾತು ಹಿಡಿದರು. ಪ್ರೇಕ್ಷಕರಿಗೆ ಗೊತ್ತೇ ಆಗದ ಹಾಗೆ ನಟಿಸಿದರು.

1943ರಲ್ಲಿ 'ರಾಧಾರಮಣ' ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರು. ಮುಂದಿನ ಐದು ದಶಕಗಳಲ್ಲಿ 500ಕ್ಕೂ ಹೆಚ್ಚು ಚಿತ್ರಗಳು. ನಗಿಸಿದರು, ಪಿತೂರಿ ಮಾಡಿದರು, ಅಳಿಸಿದರು. ಮನೆ ಒಡೆಯುವ ಕುತಂತ್ರಿಯಾಗಿ ನಿಂತರೆ ಹೆಂಗಸರು ಶಾಪ ಹಾಕುತ್ತಿದ್ದರು. ಅದೇ ಮನುಷ್ಯ 1972ರ 'ಬಂಗಾರದ ಮನುಷ್ಯ'ದಲ್ಲಿ ರಾಚೂಟಪ್ಪನಾಗಿ ಬಂದಾಗ, ಇಂಥವನೊಬ್ಬ ನಮ್ಮೂರಲ್ಲೂ ಇರಬಾರದಿತ್ತಾ ಅನ್ನಿಸುತ್ತಿತ್ತು.

ಆದರೆ ಬಾಲಣ್ಣನನ್ನು ಬರೀ ನಟ ಅಂದರೆ ಅರ್ಧ ಕಥೆ ಹೇಳಿದ ಹಾಗೆ. ಐವತ್ತರ ದಶಕದಲ್ಲಿ ಕನ್ನಡ ಚಿತ್ರರಂಗ ಬಹುಪಾಲು ಮದ್ರಾಸಿನ ಸ್ಟುಡಿಯೋಗಳ ಆಸರೆಯಲ್ಲಿತ್ತು. ಚಿತ್ರಗಳು ಕಡಿಮೆ, ಕಲಾವಿದರ ಕೈ ಖಾಲಿ. ಆಗ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ ಬಾಲಣ್ಣ ಕಲಾವಿದರದ್ದೇ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕ ಆಡಿದರು. 1960ರಲ್ಲಿ 'ರಣಧೀರ ಕಂಠೀರವ' ತೆರೆಗೆ ಬಂತು. ನಿರ್ಮಾಪಕರು ಯಾರು ಗೊತ್ತಾ? ಇವೇ ನಾಲ್ಕು ಜನ ನಟರು.

ಪರರ ಅಂಗಳದಲ್ಲಿ ಎಷ್ಟು ದಿನ ಆಡೋದು ಅನ್ನೋದು ಬಾಲಣ್ಣನನ್ನು ಕಾಡಿದ ಪ್ರಶ್ನೆ. ಅದರ ಫಲವೇ ಅಭಿಮಾನ್ ಸ್ಟುಡಿಯೋ. ಅರವತ್ತರ ದಶಕದಲ್ಲಿ ಸರ್ಕಾರ ಕೆಂಗೇರಿ ಬಳಿ 20 ಎಕರೆ ಕೊಟ್ಟಿತು. ಕೊಟ್ಟಿದ್ದು ಒಬ್ಬ ವ್ಯಕ್ತಿಯ ಆಸ್ತಿ ಬೆಳೆಯಲಿ ಅಂತಲ್ಲ, ಕನ್ನಡ ಸಿನಿಮಾಕ್ಕೆ ತನ್ನದೇ ನೆಲ ಇರಲಿ ಅಂತ. ಆದರೆ ಸ್ಟುಡಿಯೋ ಕಟ್ಟೋದು ಅಂದ್ರೆ ಪಾತ್ರ ಮಾಡಿದಷ್ಟು ಸುಲಭವೇ? ಫ್ಲೋರ್ ಬೇಕು, ಲೈಟ್ ಬೇಕು, ಎಲ್ಲಕ್ಕಿಂತ ಮೊದಲು ದುಡ್ಡು ಬೇಕು. ನಟನೆಯಿಂದ ಬಂದದ್ದು ಸ್ಟುಡಿಯೋಗೆ ಹೋಯಿತು. ಸಾಲ ಮಾತ್ರ ಉಳಿಯಿತು. 1995ರ ಜುಲೈ 19ರಂದು ಬಾಲಣ್ಣ ಕಣ್ಮುಚ್ಚಿದಾಗಲೂ ಆ ಕನಸು ಅರ್ಧಕ್ಕೇ ನಿಂತಿತ್ತು.

ಆಮೇಲೆ ಏನಾಯಿತು? ಬೆಂಗಳೂರು ಬೆಳೆಯಿತು. ಕೆಂಗೇರಿ ಊರ ಹೊರಗಿನ ಹಳ್ಳಿಯಾಗಿ ಉಳಿಯಲಿಲ್ಲ. ಎಕರೆಗೆ ಕೋಟಿ ಲೆಕ್ಕ ಶುರುವಾಯಿತು. ಕಲೆಗೆ ಅಂತ ಕೊಟ್ಟ ನೆಲ ಕಡತಗಳಲ್ಲಿ ಸರ್ವೆ ನಂಬರ್ ಆಯಿತು.

ತಪ್ಪು ಯಾರದ್ದು ಅಂತ ನ್ಯಾಯಾಲಯ ಹೇಳಲಿ. ನಾನು ಕೇಳುವುದು ಬೇರೆ. ಒಬ್ಬ ಬಡ ಕಲಾವಿದ ಇಡೀ ಉದ್ಯಮದ ಭಾರವನ್ನು ಒಬ್ಬನೇ ಹೊತ್ತಾಗ ಆ ಉದ್ಯಮ ಎಲ್ಲಿತ್ತು? ಜಮೀನು ಕೊಟ್ಟು ಕೈತೊಳೆದುಕೊಂಡ ಸರ್ಕಾರಗಳು ಎಲ್ಲಿದ್ದವು? ಸಮಾಧಿಗಾಗಿ ಬೀದಿಗಿಳಿದ ನಾವು, ಸ್ಟುಡಿಯೋ ಸೊರಗುತ್ತಿದ್ದಾಗ ಯಾಕೆ ಸುಮ್ಮನಿದ್ದೆವು?

ವಿಷ್ಣುವಿಗೆ ಅಲ್ಲಿ ಗೌರವ ಸಿಗಲೇಬೇಕು. ಜೊತೆಗೆ, ಆ ನೆಲದಲ್ಲಿ ಏನೇ ಎದ್ದು ನಿಂತರೂ ಅದರ ಮೇಲೆ ಬಾಲಣ್ಣನ ಹೆಸರೂ ಇರಬೇಕು. ಕಿವಿ ಕೇಳದ ಆ ಮನುಷ್ಯ ಎದುರಿನವರ ತುಟಿ ನೋಡಿಯೇ ಮಾತು ಅರ್ಥ ಮಾಡಿಕೊಂಡರು. ಕಿವಿ ಚೆನ್ನಾಗಿರುವ ನಮಗೆ ಅವರ ಮಾತು ಇನ್ನೂ ಕೇಳಿಸಿಲ್ಲ.