ಸಾವಳಗಿಯಿಂದ ರಾಜಭವನಕ್ಕೆ

ಸರಕಾರಿ ಕಚೇರಿಯಲ್ಲಿ ದುಡಿಯುವ ನಮಗೆ ಸಹಿಯ ಬೆಲೆ ಚೆನ್ನಾಗಿ ಗೊತ್ತು. ಕಡತ ಎಷ್ಟೇ ದಪ್ಪವಿರಲಿ, ಕೊನೆಯ ಸಹಿ ಬೀಳುವವರೆಗೆ ಅದು ಬರಿಯ ಕಾಗದ. ಅಂಥ ಸಹಿಯನ್ನು ಎರಡು ಸಂಕಟದ ಹೊತ್ತುಗಳಲ್ಲಿ ಹಾಕಬೇಕಾಗಿ ಬಂದ ಕನ್ನಡಿಗರೊಬ್ಬರಿದ್ದರು. ಅವರೇ ಶ್ರೀ ಬಸಪ್ಪ ದಾನಪ್ಪ ಜತ್ತಿ.

1912ರ ಸೆಪ್ಟೆಂಬರ್ 10ರಂದು ಜಮಖಂಡಿ ತಾಲೂಕಿನ ಸಾವಳಗಿಯಲ್ಲಿ ಅವರ ಜನನ. ಜಮಖಂಡಿ ಆಗ ಪಟವರ್ಧನರ ಸಂಸ್ಥಾನ. ನಮ್ಮ ಪುಣೆಯ ಪೇಶ್ವೆಯರ ಸರದಾರರಾಗಿ ಮೇಲೆ ಬಂದ ಮನೆತನವದು. ಅರಸರ ಮನೆಮಾತು ಮರಾಠಿ, ಪ್ರಜೆಗಳ ಮಾತು ಕನ್ನಡ. ಜತ್ತಿಯವರು ಕೊಲ್ಹಾಪುರದಲ್ಲಿ ಕಾನೂನು ಓದಿ, ಊರಿಗೆ ಮರಳಿ ವಕೀಲಿ ಮಾಡಿದರು. ಪುರಸಭೆಯ ಸದಸ್ಯತ್ವದಿಂದ ಆರಂಭಿಸಿ ಅದರ ಅಧ್ಯಕ್ಷರಾದರು, ಕಡೆಗೆ ಸಂಸ್ಥಾನದ ದಿವಾನರೂ ಆದರು. 1948ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1952ರ ನಂತರ ಮೊರಾರ್ಜಿ ದೇಸಾಯಿಯವರ ಮುಂಬಯಿ ಸರಕಾರದಲ್ಲಿ ಅವರು ಉಪಮಂತ್ರಿ.

ಏಕೀಕರಣದ ತರುವಾಯ, 1958ರಿಂದ 1962ರವರೆಗೆ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದರು. 1961ರ ಭೂಸುಧಾರಣಾ ಕಾಯಿದೆ ಆ ಕಾಲದ್ದು. 1964ರಲ್ಲಿ ಬಸವ ಸಮಿತಿಯನ್ನು ಸ್ಥಾಪಿಸಿದರು. 1968ರಲ್ಲಿ ಪಾಂಡಿಚೇರಿಯ ಉಪರಾಜ್ಯಪಾಲರಾದರು, 1972ರಲ್ಲಿ ಒರಿಸ್ಸಾದ ರಾಜ್ಯಪಾಲರಾದರು.

ಮೊದಲನೆಯ ಸಂಕಟ ಬಂದದ್ದು ಅಲ್ಲಿಯೇ. 1973ರ ಮಾರ್ಚ್ 1ರಂದು ಮುಖ್ಯಮಂತ್ರಿ ನಂದಿನಿ ಸತ್ಪಥಿ ರಾಜೀನಾಮೆಯಿತ್ತರು. ವಿರೋಧ ಪಕ್ಷಗಳ ನಾಯಕ ಬಿಜು ಪಟ್ನಾಯಕರು ತಮಗೆ ಬಹುಮತವಿದೆಯೆಂದು ಮುಂದೆ ಬಂದರು. ಪಕ್ಷಾಂತರದ ಗಾಳಿಯಲ್ಲಿ ಸ್ಥಿರ ಸರಕಾರ ಸಾಧ್ಯವಿಲ್ಲವೆಂದು ಜತ್ತಿಯವರು ರಾಷ್ಟ್ರಪತಿ ಆಡಳಿತಕ್ಕೆ ಶಿಫಾರಸು ಮಾಡಿದರು. ಪಟ್ನಾಯಕರಿಗೆ ಸದನದಲ್ಲಿ ಬಲ ತೋರಿಸುವ ಅವಕಾಶ ಸಿಗಲಿಲ್ಲ. ವಿವಾದ ಹೈಕೋರ್ಟಿನವರೆಗೂ ಹೋಯಿತು.

1974ರಲ್ಲಿ ಜತ್ತಿಯವರು ಉಪರಾಷ್ಟ್ರಪತಿಗಳಾದರು. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ನಿಧನರಾದಾಗ ಆ ಹೊಣೆಯೂ ಇವರ ಹೆಗಲಿಗೇ ಬಂತು. ಮಾರ್ಚ್ 24ರಂದು ಇವರು ಪ್ರಮಾಣವಚನ ಬೋಧಿಸಿದ್ದು, ಹಿಂದೊಮ್ಮೆ ಮುಂಬಯಿಯಲ್ಲಿ ತಮಗೆ ಮೇಲಿನವರಾಗಿದ್ದ ಮೊರಾರ್ಜಿಯವರಿಗೆ! ಬಿಜು ಪಟ್ನಾಯಕರೂ ಆ ಸಂಪುಟದ ಮಂತ್ರಿಗಳಾದರು. ಹೊಸ ಸರಕಾರ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಬೇಕೆಂದು ಕೇಳಿತು, ಒರಿಸ್ಸಾ ಅವುಗಳಲ್ಲೊಂದು. ಜತ್ತಿಯವರು ಕೂಡಲೇ ಸಹಿ ಮಾಡಲಿಲ್ಲ. ದೇಶವೆಲ್ಲ ಗದ್ದಲವೆದ್ದಿತು. ಏಪ್ರಿಲ್ 30ರಂದು ಸಹಿ ಬಿತ್ತು.

ಎರಡೂ ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1977ರಲ್ಲಿ ಅವರು ತಡೆದು ಯೋಚಿಸಿದ್ದನ್ನು ತಪ್ಪೆನ್ನಲಾರೆ; ಯೋಚಿಸಿ, ಬಳಿಕ ಮಂತ್ರಿಮಂಡಲದ ಮಾತಿಗೆ ತಲೆಬಾಗಿದರು. ಆದರೆ 1973ರಲ್ಲಿ, ಸದನ ಎಣಿಸಬೇಕಾದ ತಲೆಗಳನ್ನು ರಾಜಭವನವೇ ಎಣಿಸಿಬಿಟ್ಟಿತೆಂಬುದು ನನ್ನ ಅಭಿಪ್ರಾಯ. ನಮ್ಮವರೆಂಬ ಅಭಿಮಾನದಿಂದ ಇದನ್ನು ಮುಚ್ಚಿಡಬೇಕಾಗಿಲ್ಲ. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕೆಂದು 1994ರಲ್ಲಿ ಸುಪ್ರೀಂ ಕೋರ್ಟು ಸಾರಿತು. ಆ ತೀರ್ಪಿಗೆ ಹೆಸರು ಕೊಟ್ಟವರೂ ಕನ್ನಡಿಗರೇ: 1989ರಲ್ಲಿ ಪದಚ್ಯುತರಾದ ಮುಖ್ಯಮಂತ್ರಿ ಎಸ್. ಆರ್. ಬೊಮ್ಮಾಯಿ.

ಜತ್ತಿಯವರು 2002ರ ಜೂನ್ 7ರಂದು ತೀರಿಕೊಂಡರು. ಪುರಸಭೆಯ ಮೆಟ್ಟಿಲಿನಿಂದ ರಾಷ್ಟ್ರಪತಿ ಭವನದವರೆಗೆ ನಡೆದ ಈ ಹಿರಿಯರ ಕಥೆಯನ್ನು ಪರಊರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಹೇಳೋಣ. ಹೇಳುವಾಗ ಒರಿಸ್ಸಾದ ಅಧ್ಯಾಯವನ್ನೂ ಬಿಡದೆ ಹೇಳೋಣ.